ಬೆನ್ನಿಗೆ ತಿಳಿಯದ ಹಾದಿ

"ನಿಲ್ಲಿಸಿ... ಗಾಡಿ ನಿಲ್ಲಿಸೀ!"

ಚಿನ್ಮಯಿ ಕೂಗಿದ ಕೂಗಿಗೆ ಮಣಿನಗರ ಸ್ಟೇಷನ್ ರಸ್ತೆಯ ಬಾಳೆಹಣ್ಣಿನವನು ತಕ್ಕಡಿ ಹಿಡಿದುಕೊಂಡೇ ತಿರುಗಿ ನೋಡಿದ.

ಬೈಕು ಪೂರ್ತಿ ನಿಲ್ಲುವ ಮೊದಲೇ ಅವಳು ಹಿಂದಿನ ಸೀಟಿನಿಂದ ಜಾರಿ ಇಳಿದಿದ್ದಳು. ಎರಡೂ ಕೈ ಸೊಂಟಕ್ಕೆ ಕೊಟ್ಟು, ರಸ್ತೆ ನಡುವಿನ ಕಬ್ಬಿಣದ ಕಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಬೆನ್ನಿನ ನಡುವೆ ಯಾರೋ ಕಾದ ಸರಳು ಇಟ್ಟ ಹಾಗೆ... ಉಸಿರು ಎಳೆದರೂ ನೋವು!

"ಏನಾತ್ರಿ ಮೇಡಂ? ಪೆಟ್ಟಾತೇನ್ರಿ?" ಬೈಕಿನವನು ಗಾಬರಿಯಿಂದ ಓಡಿ ಬಂದ.

"ಇದು ಗಾಡಿನಾ? ಎತ್ತಿನ ಗಾಡಿಗಾದ್ರೂ ಇದಕ್ಕಿಂತ ಕರುಣೆ ಇರುತ್ತೆ! ಅಷ್ಟು ದೊಡ್ಡ ಗುಂಡಿ ಕಾಣಿಸ್ಲಿಲ್ವಾ ನಿಮಗೆ?"

"ಮಳಿನೀರು ತುಂಬಿತ್ರಿ... ರಸ್ತೆನೇ ಅನ್ಕೊಂಡೆ..."

ಚಿನ್ಮಯಿ ಇನ್ನೂ ನಾಲ್ಕು ಮಾತು ಬೈಯಲೆಂದು ಕಣ್ಣು ತೆರೆದಳು.

ಎದುರಿಗೆ ಚಾಚಿದ್ದ ಅವನ ಎರಡೂ ಅಂಗೈಗಳು ಮಣಿಕಟ್ಟಿನವರೆಗೆ ಕಡು ನೀಲಿಯಾಗಿದ್ದವು!

"ನಿಮ್ಮ ಕೈ... ಏನಾಗಿದೆ?"

"ಬಣ್ಣ್ರಿ. ವಟವಾ ಏರಿಯಾದಾಗ ಬಟ್ಟಿ ಬಣ್ಣದ ಫ್ಯಾಕ್ಟರಿ ಐತಲ್ಲ, ಅಲ್ಲಿ ಕೆಮಿಸ್ಟ್ ನಾನು. ಇವತ್ತು ನೀಲಿ, ನಾಳೆ ಕೆಂಪು." ಅವನು ಕೈಯನ್ನು ನಾಚಿಕೆಯಿಂದ ಹಿಂದಕ್ಕೆ ಎಳೆದುಕೊಂಡ. "ನನ್ನ ಹೆಸರು ಹಾಲಪ್ಪ. ನಿಮ್ಮ ಅಪ್ಪಾರು ಹೇಳಿರಬೇಕಲ್ರಿ."

ಹೇಳಿದ್ದರು. ಆ ದಿನ ಅಹಮದಾಬಾದಿನಲ್ಲಿ ಆಟೋ ಮುಷ್ಕರ. ವಸ್ತ್ರಾಪುರದ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆಯುವ ಚಿನ್ಮಯಿಗೆ ರಜೆ ಹಾಕುವಂತಿರಲಿಲ್ಲ. ರೈಲ್ವೆಯಲ್ಲಿದ್ದ ಅವಳ ತಂದೆ ಚಂದ್ರಶೇಖರ ಅವರು ಕನ್ನಡ ಸಂಘದಲ್ಲಿ ಪರಿಚಯವಾಗಿದ್ದ ಈ ರಾಣೆಬೆನ್ನೂರಿನ ಹುಡುಗನನ್ನು ಕೇಳಿಕೊಂಡಿದ್ದರು. 'ಒಂದೇ ಒಂದು ದಿನ' ಎಂದು ಅವಳೂ ಗಟ್ಟಿ ಮನಸ್ಸು ಮಾಡಿ ಹತ್ತಿದ್ದಳು.

"ನಾನು ಬಸ್ಸಿಗೆ ಹೋಗ್ತೀನಿ. ನೀವು ಹೊರಡಿ."

ಹಾಲಪ್ಪ ಹೊರಡಲಿಲ್ಲ. ಬೈಕನ್ನು ತಳ್ಳಿಕೊಂಡು ಅವಳ ಪಕ್ಕದಲ್ಲೇ ನಡೆಯತೊಡಗಿದ.

"ಅಯ್ಯೋ, ಹೊರಡಿ ಅಂದ್ನಲ್ಲ!"

"ನೀವು ನೋವು ಹಿಡ್ಕೊಂಡು ನಡಿಯೂದು, ನಾ ಗಾಡಿ ಮ್ಯಾಲ ಹೋಗೂದು... ಆಗಂಗಿಲ್ರಿ."

ಬಸ್ ಸ್ಟಾಪಿನ ನೆರಳಿಗೆ ಬಂದಾಗ ಅವನ ಅಂಗಿ ಬೆವರಿನಿಂದ ಬೆನ್ನಿಗಂಟಿತ್ತು. ಅವಳ ಸಿಟ್ಟೂ ಅಷ್ಟು ಹೊತ್ತಿಗೆ ಇಳಿದಿತ್ತು. ಯಾರ ಹತ್ತಿರವೂ ಹೇಳದ ಮಾತು ಅದು ಹೇಗೆ ಬಾಯಿಗೆ ಬಂತೋ!

"ಭೂಕಂಪ ಆಯ್ತಲ್ಲ... ಆ ಗಣರಾಜ್ಯೋತ್ಸವದ ಬೆಳಿಗ್ಗೆ. ಗೆಳತಿ ಮನೆ ಮೆಟ್ಟಿಲ ಮೇಲಿದ್ದೆ. ಮೆಟ್ಟಿಲೇ ಕೆಳಗೆ ಹೋಯ್ತು. ಬೆನ್ನುಮೂಳೆ ಬಿರುಕು ಬಿಟ್ಟಿತ್ತು. ಈಗ ಕೂಡಿದೆ ಅಂತಾರೆ ಡಾಕ್ಟರು. ಆದ್ರೆ ಗಾಡಿ ಒಂಚೂರು ಎತ್ತಿ ಹಾಕಿದ್ರೂ... ಭೂಮಿ ಮತ್ತೆ ಹೋಯ್ತು ಅನ್ಸುತ್ತೆ."

ಹಾಲಪ್ಪ 'ಪಾಪ' ಎನ್ನಲಿಲ್ಲ. ಚ್ಚು ಚ್ಚು ಎನ್ನಲಿಲ್ಲ. ಬೈಕಿನ ಹಿಂದಿನ ಚಕ್ರವನ್ನು ಬಹಳ ಹೊತ್ತು ನೋಡುತ್ತ ನಿಂತ, ಅಷ್ಟೇ.

ಬಸ್ಸು ಬಂತು. ಅವಳು ಹತ್ತಿದಳು.

'ಇನ್ನು ಈ ಮನುಷ್ಯನ ಮುಖ ನೋಡುವ ಪ್ರಸಂಗ ಬಾರದಿರಲಿ ದೇವರೇ' ಎಂದುಕೊಂಡಳು.

ದೇವರಿಗೆ ಆ ದಿನ ಬೇರೆ ಕೆಲಸವಿತ್ತೇನೋ!

* * *

ನವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಹಾಲಪ್ಪ ಮನೆಗೇ ಬಂದ. ಈ ಸಲ ಕೈ ಅರಿಶಿನ ಬಣ್ಣ. ಚಿನ್ಮಯಿಯ ತಾಯಿ ಗೌರಮ್ಮ ಉಪ್ಪಿಟ್ಟು ಬಡಿಸುತ್ತಿದ್ದರು.

"ಚಿನ್ಮಯಿ ಅವರ, ಒಂದು ಮಾತು ಕೇಳ್ತೀನಿ. ತಪ್ಪು ತಿಳೀಬ್ಯಾಡ್ರಿ."

"ಕೇಳಿ."

"ನಿಮ್ಮ ತೂಕ ಎಷ್ಟ್ರಿ?"

ಗೌರಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಚಂದ್ರಶೇಖರ ಅವರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

"ಏನಂದ್ರೀ?!" ಚಿನ್ಮಯಿಯ ಕೆನ್ನೆ ಕೆಂಪಾಯಿತು.

"ಅಲ್ರಿ... ಗಾಡಿ ಸಲುವಾಗಿ!" ಅವನು ತಡಬಡಾಯಿಸಿದ. "ನನಗಿಂತ ಮೊದಲು ಈ ಗಾಡಿ ಹಾಲು ಮಾರೋನ ಹತ್ರ ಇತ್ತು. ಎರಡೂ ಕಡೆ ಕ್ಯಾನ್ ಜೋತು ಹಾಕ್ತಿದ್ನಂತ. ಅದಕ್ಕ ಹಿಂದಿನ ಸ್ಪ್ರಿಂಗ್ ಕೊನೀ ಮಟ್ಟಕ್ಕ ಬಿಗಿ ಮಾಡಿಸ್ಯಾನ. ಈಗ ಗಾಡಿ ನಿಮ್ಮನ್ನೂ ಹಾಲಿನ ಕ್ಯಾನು ಅಂತ ತಿಳಿದೈತ್ರಿ! ನಿಮ್ಮ ತೂಕ ಗೊತ್ತಾದ್ರ ಎಷ್ಟು ಸಡಿಲ ಮಾಡಬೇಕು ಅಂತ..."

ಚಂದ್ರಶೇಖರ ಅವರಿಗೆ ನಗು ತಡೆಯಲಾಗಲಿಲ್ಲ. ಆದರೆ ಚಿನ್ಮಯಿಗೆ ನಗು ಬರಲಿಲ್ಲ.

'ಇಷ್ಟು ದಿನ... ಇವರು ಇದನ್ನೇ ಯೋಚಿಸುತ್ತಿದ್ದರಾ? ನನ್ನ ಬೆನ್ನನ್ನು?'

ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಲು ಅವನ ಕೈಯಲ್ಲಾಗುತ್ತಿರಲಿಲ್ಲ. ಸಂಬಳದ ಅರ್ಧ ಊರಿಗೆ ಹೋಗುತ್ತಿತ್ತು, ತಂಗಿಯ ನರ್ಸಿಂಗ್ ಓದಿಗೆ. ಗ್ಯಾರೇಜಿನ ಜೀತುಭಾಯಿ ಕೇಳಿ ನಕ್ಕುಬಿಟ್ಟಿದ್ದ: "ಭಾಯಿ, ಮೆತ್ತಗೆ ಹೋಗ್ಬೇಕಂದ್ರೆ ಕಾರ್ ತಗೋ!"

ಸ್ಪ್ರಿಂಗನ್ನು ಮೊದಲ ಮಟ್ಟಕ್ಕೆ ಇಳಿಸಿದ. ಟೈರಿನ ಗಾಳಿಯನ್ನೂ ಅರ್ಧಕ್ಕರ್ಧ ಬಿಟ್ಟ. "ಈಗ ನೋಡ್ರಿ, ಹಾಸಿಗಿ ಆಗೇತಿ!" ಎಂದು ಸಂಭ್ರಮದಿಂದ ಅವಳನ್ನು ಕೂರಿಸಿಕೊಂಡ.

ಹಾಸಿಗೆಯೇನೋ ಆಗಿತ್ತು. ಆದರೆ ಕುಣಿಯುವ ಹಾಸಿಗೆ! ಒಂದು ಗುಂಡಿ ಹತ್ತಿ ಇಳಿದರೆ ಬಾವಿಗೆ ಬಿಟ್ಟ ಕೊಡದ ಹಾಗೆ ಮೇಲೆ ಕೆಳಗೆ, ಮೇಲೆ ಕೆಳಗೆ... ಬೀದಿ ತುದಿಯ ಹಂಪಿನ ಉಬ್ಬಿನಲ್ಲಿ ಸ್ಪ್ರಿಂಗು ತಳ ಮುಟ್ಟಿ 'ಟಣ್' ಎಂದಿತು. ಆ ಪೆಟ್ಟು ನೇರ ಅವಳ ನೆತ್ತಿಗೇರಿತು.

ಇಳಿದಾಗ ಅವಳ ತುಟಿ ಬಿಳುಪೇರಿತ್ತು. ಹಾಲಪ್ಪ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕುಳಿತ.

"ನನ್ನಿಂದ ಆಗಂಗಿಲ್ರಿ. ಇನ್ನೊಮ್ಮೆ ನಿಮ್ಮನ್ನ ಕೂಡ್ರಿಸೂದಿಲ್ಲ."

ಅವಳು ಒಳಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ನೋವು ನುಂಗಿಕೊಂಡು ಅವನ ಪಕ್ಕದಲ್ಲೇ ಕುಳಿತಳು.

"ಹಾಲಪ್ಪ ಅವರೇ, ಭೂಕಂಪ ಆದ ಮೇಲೆ ನಮ್ಮ ಆಫೀಸಲ್ಲಿ ಎಲ್ಲರೂ ಇದನ್ನೇ ಮಾತಾಡೋದು. ಗಟ್ಟಿಯಾಗಿ ಸೆಟೆದು ನಿಂತ ಕಟ್ಟಡ ಒಡೆಯುತ್ತೆ. ಸಡಿಲ ಇರೋದು ಓಲಾಡಿ ಓಲಾಡಿ ಬೀಳುತ್ತೆ. ಉಳಿಯೋದು ಯಾವುದು ಗೊತ್ತಾ? ಬಗ್ಗಬೇಕು... ಬಗ್ಗಿದ ಮೇಲೆ ಸುಮ್ಮನಾಗಬೇಕು. ನಿಮ್ಮ ಗಾಡಿ ಬಗ್ಗುತ್ತೆ. ಸುಮ್ಮನಾಗಲ್ಲ."

ಹಾಲಪ್ಪ ನಿಧಾನವಾಗಿ ತಲೆ ಎತ್ತಿದ. ಅವಳನ್ನು ನೋಡಿದ ನೋಟದಲ್ಲಿ ಬೆರಗು ತುಂಬಿತ್ತು.

"ಸುಮ್ಮನಾಗಬೇಕು..." ಎಂದು ಗೊಣಗಿದ. ತಟ್ಟನೆ ಎದ್ದ. "ಎಣ್ಣಿ! ಎಣ್ಣಿ ರೀ ಚಿನ್ಮಯಿ ಅವರ! ಅದನ್ನ ಸುಮ್ಮನ ಮಾಡೂದು ಒಳಗಿನ ಎಣ್ಣಿ!"

ಜೀತುಭಾಯಿ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಬಿಚ್ಚಿದಾಗ ಒಳಗಿನಿಂದ ಬಂದದ್ದು ನೀರಿನಂತೆ ತೆಳುವಾದ ಕಪ್ಪು ಎಣ್ಣೆ. ಎಷ್ಟು ವರ್ಷದಿಂದ ಬದಲಿಸಿರಲಿಲ್ಲವೋ! ಎಣ್ಣೆಯ ವಿಷಯ ಬಂದ ಮೇಲೆ ಹಾಲಪ್ಪ ಬೇರೆಯೇ ಮನುಷ್ಯನಾದ. ಬಣ್ಣ ಎಷ್ಟು ಗಟ್ಟಿ, ಎಷ್ಟು ತೆಳು ಎಂದು ನೋಡಲು ಅವನ ಲ್ಯಾಬಿನಲ್ಲಿ ತಳಕ್ಕೆ ತೂತಿದ್ದ ಒಂದು ಲೋಟವಿತ್ತು. ಅದರಲ್ಲಿ ಎರಡು ಬಗೆಯ ಎಣ್ಣೆ ಬೆರೆಸಿ, ಸುರಿದು, ಮತ್ತೆ ಬೆರೆಸಿ, ಜೇನಿನಷ್ಟು ಗಟ್ಟಿಯೂ ಅಲ್ಲ, ನೀರಿನಷ್ಟು ತೆಳುವೂ ಅಲ್ಲ ಎನ್ನುವ ಹದಕ್ಕೆ ತಂದ. ಹಿಂದಿನ ಚಕ್ರದ ಕೀಲಿನಲ್ಲಿ ಕಲ್ಲಾಗಿದ್ದ ರಬ್ಬರ್ ಬುಷ್‌ಗಳನ್ನು ಬದಲಿಸಿದ. ಟೈರಿಗೆ ಸರಿಯಾದ ಗಾಳಿ ಹಾಕಿಸಿದ, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಹಿಂದಿನ ಶಾಕ್ ಅಬ್ಸಾರ್ಬರ್ ಹುಡುಕಲು ಇಬ್ಬರೂ ಬಸ್ಸಿನಲ್ಲಿ ಭಾನುವಾರದ ಗುಜರಿ ಬಜಾರಿಗೆ ಹೋದರು. ಸಾಬರಮತಿ ದಂಡೆಯಲ್ಲಿ ಇಡೀ ಊರಿನ ಹಳೆಯ ಸಾಮಾನು ರಾಶಿ ಬಿದ್ದಿತ್ತು. ತುಕ್ಕಿನ ರಾಶಿಯೊಳಗಿಂದ ಅವನು ಹೊಳೆಯುವ ಒಂದು ಜೋಡಿ ಎಳೆದು ತೆಗೆದ. ಯಾವುದೋ ಹೊಸ ಬೈಕು ಅಪಘಾತವಾಗಿ ಬಿಡಿಭಾಗಕ್ಕೆ ಬಂದದ್ದಂತೆ.

"ಇದರೊಳಗ ಗ್ಯಾಸ್ ತುಂಬಿರ್ತಾರ್ರಿ. ಒತ್ತಿ ನೋಡ್ರಿ."

ಚಿನ್ಮಯಿ ಎರಡೂ ಅಂಗೈಯಿಂದ ಭಾರ ಹಾಕಿ ಒತ್ತಿದಳು. ಅದು ಹಟ ಮಾಡದೆ ಒಳಗೆ ಇಳಿಯಿತು. ಕೈ ಸಡಿಲಿಸಿದಳು. ಜಿಗಿಯಲಿಲ್ಲ! ಮಲಗಿದ ಮಗುವಿನ ಉಸಿರಿನ ಹಾಗೆ ನಿಧಾನವಾಗಿ, ಒಂದೇ ಸಮನಾಗಿ ಮೇಲೆ ಬಂತು... ಬಂದು ನಿಂತಿತು.

ಕಬ್ಬಿಣಕ್ಕೂ ಇಷ್ಟು ಸಹನೆ ಇರುತ್ತದೆಯೇ?

"ಇನ್ನೊಂದ್ಸಲ ಒತ್ಲಾ?" ಎಂದು ಮಗುವಿನ ಹಾಗೆ ಕೇಳಿದಳು.

"ನಿಮಗ ಸಾಕನಿಸೂ ತನಕ ಒತ್ರಿ" ಎಂದು ಅವನು ನಕ್ಕ.

ಸೀಟಿಗೆ ಕೆಳಗೆ ಗಟ್ಟಿ, ಮೇಲೆ ಮೆತ್ತನೆಯ ಎರಡು ಪದರದ ಫೋಮು ಬಂತು. ಬೆನ್ನಿನ ಕೆಳತುದಿ ತಾಗುವ ಕಡೆ ಒಂದು ಸಣ್ಣ ತಗ್ಗು ಬಿಡಬೇಕೆಂದು ನಕ್ಷೆ ಬರೆದುಕೊಟ್ಟವಳು ಅವಳೇ.

* * *

ಡಿಸೆಂಬರಿನ ಒಂದು ಬೆಳಿಗ್ಗೆ. ಕಾಂಕರಿಯಾ ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

"ಹೆದರಿಕಿ ಆದ್ರ ಬೆನ್ನಿಗೆ ಒಂದು ಗುದ್ದು ಕೊಡ್ರಿ, ನಿಲ್ಲಿಸಿಬಿಡ್ತೀನಿ" ಎಂದ ಹಾಲಪ್ಪ.

ಚಿನ್ಮಯಿ ಹಲ್ಲು ಕಚ್ಚಿ, ಕಣ್ಣು ರಸ್ತೆಗೇ ನೆಟ್ಟು ಕುಳಿತಳು. ಮುಂದೆ ಹಂಪು... ಬಂತು... ಬಂತು... ಅವಳ ಮೈಯೆಲ್ಲ ಬಿಗಿಯಿತು.

ಏನೂ ಆಗಲಿಲ್ಲ.

ನೀರಿನ ಅಲೆಯೊಂದು ಅವಳನ್ನು ಅಂಗೈಯಲ್ಲಿ ಎತ್ತಿ, ಆಚೆ ಇಳಿಸಿದ ಹಾಗಾಯಿತು. ಅಷ್ಟೇ!

ಮತ್ತೊಂದು ಹಂಪು. ಮತ್ತೆ ಅಲೆ. ಗುಂಡಿ ಬಿದ್ದ ತಿರುವು. ಚಕ್ರ ತಗ್ಗಿಗೆ ಇಳಿದದ್ದು ಕಣ್ಣಿಗೆ ಕಂಡಿತು, ಬೆನ್ನಿಗೆ ತಿಳಿಯಲೇ ಇಲ್ಲ!

ಅವಳ ಹೆಗಲು ತಾನಾಗಿ ಸಡಿಲವಾಯಿತು. ಭೂಕಂಪದ ನಂತರ ಮೊದಲ ಸಲ ಅವಳು ರಸ್ತೆಯಿಂದ ಕಣ್ಣೆತ್ತಿದಳು. ಮೇಲೆ ಆಕಾಶವಿತ್ತು! ಮಂಜಿನೊಳಗಿಂದ ಕಿತ್ತಳೆ ಸೂರ್ಯನ ಬಿಂಬ ಕೆರೆಗೆ ಬೀಳುತ್ತಿತ್ತು. ಬೇವಿನ ಮರದಿಂದ ಗಿಳಿಗಳ ಹಿಂಡು ಹಾರಿತು. ಇಷ್ಟೆಲ್ಲ ಇಲ್ಲಿ ದಿನಾ ಇತ್ತೇ?

"ಯಾಕ್ರಿ ಮಾತಿಲ್ಲ? ನೋವಾತೇನು?" ಹಾಲಪ್ಪ ಆತಂಕದಿಂದ ಕೇಳಿದ.

ಅವನು ಗಾಡಿ ನಿಲ್ಲಿಸಿ ತಿರುಗಿ ನೋಡಿದ. ಅವಳ ಕೆನ್ನೆಯ ಮೇಲೆ ನೀರು ಧಾರಾಕಾರ ಇಳಿಯುತ್ತಿತ್ತು. ತುಟಿಯಲ್ಲಿ ನಗು!

"ಇನ್ನೊಂದು ಸುತ್ತು..." ಎಂದಳು. "ದಯವಿಟ್ಟು... ಇನ್ನೊಂದೇ ಸುತ್ತು."

ಆ ಬೆಳಿಗ್ಗೆಯೇ ಅವಳಿಗೆ ತನ್ನ ಮನಸ್ಸು ಗೊತ್ತಾಗಿಹೋಗಿತ್ತು. ಆದರೆ ಹೇಳುವುದು ಹೇಗೆ? ಅವನಾದರೂ ಏನೂ ಹೇಳಲಿಲ್ಲ. ಭಾನುವಾರ ಬರುತ್ತಿದ್ದ, ಕೆರೆ ಸುತ್ತಿಸುತ್ತಿದ್ದ, "ಇವತ್ತು ಹೆಂಗಿತ್ರಿ?" ಎಂದು ಕೇಳಿ ಹೋಗುತ್ತಿದ್ದ.

'ನನ್ನನ್ನು ಕೇಳುತ್ತಿದ್ದಾರಾ... ಗಾಡಿಯನ್ನು ಕೇಳುತ್ತಿದ್ದಾರಾ?' ಎಂದು ಅವಳು ಒದ್ದಾಡುತ್ತಿದ್ದಳು.

* * *

ಸಂಕ್ರಾಂತಿಯ ಗಾಳಿಪಟಗಳು ಇನ್ನೂ ಮರಗಳಲ್ಲಿ ಸಿಕ್ಕಿಕೊಂಡಿದ್ದಾಗ ವಡೋದರಾದಿಂದ ಸಂಬಂಧ ಬಂತು. ಹುಡುಗ ಅಚ್ಯುತ, ಇಂಜಿನಿಯರು. ತಂದೆ ಬ್ಯಾಂಕ್ ಮ್ಯಾನೇಜರು. ಫೋಟೋ ಒಪ್ಪಿಗೆಯಾಗಿತ್ತು. ಮಣಿನಗರಕ್ಕೆ ಬಂದು ಹುಡುಗಿಯನ್ನು ನೋಡಿ ಮೆಚ್ಚಿ ಹೋಗಿದ್ದೂ ಆಗಿತ್ತು. ಮನೆ ನೋಡಲು ಬನ್ನಿ ಎಂದು ಕರೆದಿದ್ದರು.

"ಬೆನ್ನಿನ ವಿಷಯ ಯಾರೂ ಎತ್ತಬೇಡಿ" ಎಂದು ಗೌರಮ್ಮ ರೈಲಿನಲ್ಲೇ ಎಚ್ಚರಿಸಿದ್ದರು. "ವಾಸಿಯಾಗಿರೋ ಗಾಯ. ಹೇಳೋ ಅಗತ್ಯ ಏನಿದೆ?"

ಚಿನ್ಮಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು. 'ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಹಾಲಪ್ಪ... ಒಂದೇ ಒಂದು ಮಾತು...'

ವಡೋದರಾದ ಆ ಮನೆಯಲ್ಲಿ ಕಾಫಿ ಮುಗಿಯುವ ಮೊದಲೇ ಹುಡುಗನ ತಾಯಿ ಲೋಟ ಕೆಳಗಿಟ್ಟರು.

"ಹುಡುಗಿ ಲಕ್ಷಣವಾಗಿದ್ದಾಳೆ. ಆದ್ರೆ... ಬೆನ್ನುಮೂಳೆ ಮುರಿದಿತ್ತಂತಲ್ಲ? ನಾಳೆ ಮಗು ಮರಿ ಅಂದ್ರೆ ಕಷ್ಟ ಆಗಲ್ವಾ? ಬಿರುಕು ಬಿಟ್ಟ ಪಾತ್ರೆ ಅಂತ ಗೊತ್ತಿದ್ದೂ ಯಾರಾದ್ರೂ ಮನೆಗೆ ತರ್ತಾರಾ, ನೀವೇ ಹೇಳಿ."

ಚಿನ್ಮಯಿಗೆ ನೆಲ ಮತ್ತೊಮ್ಮೆ ಜಾರಿದಂತಾಯಿತು.

ಹಿಂದಿರುಗುವ ರೈಲಿನಲ್ಲಿ ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳಿದರು. "ಅವರಿಗೆ ಹೇಳಿದ್ದು ಇನ್ಯಾರು ಕಣೇ! ಆ ಹಾಲಪ್ಪನೇ! ಊರ ಗ್ಯಾರೇಜೆಲ್ಲ ತಿರುಗಿ ಹುಡುಗಿ ಬೆನ್ನು ಮುರಿದಿದೆ, ಗಾಡಿ ಮೆತ್ತಗೆ ಮಾಡಿ ಅಂತ ಡಂಗುರ ಹೊಡೆದಿದ್ದಾನೆ. ಕನ್ನಡ ಸಂಘದವರ ಕಿವಿಗೂ ಬಿದ್ದಿದೆ."

ಚಂದ್ರಶೇಖರ ಅವರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿಯ ಅಳು ನೋಡಿ ಮುಚ್ಚಿಕೊಂಡರು.

ಮರುದಿನ ಸಂಜೆ ಚಿನ್ಮಯಿ ಹಾಲಪ್ಪನನ್ನು ಕೆರೆ ದಂಡೆಯಲ್ಲಿ ತಡೆದು ನಿಲ್ಲಿಸಿದಳು.

"ನನ್ನ ಬೆನ್ನಿನ ವಿಷಯ ಯಾರ್ಯಾರಿಗೆ ಹೇಳಿದ್ರಿ?"

ಹಾಲಪ್ಪ ತಬ್ಬಿಬ್ಬಾದ. "ಜೀತುಭಾಯಿಗೆ... ಫೋಮಿನ ಅಂಗಡಿಯವಗ... ಸಂಘದಾಗ ಒಬ್ಬರ ಮಗ ಗ್ಯಾರೇಜ್ ಇಟ್ಟಾನ, ಅವನ್ನ ಕೇಳಿದ್ದೆ. ಹೇಳದ ಹೊರತು ಅವರಿಗೆ ಹೆಂಗ ತಿಳೀತೈತ್ರಿ?"

"ಅಂದ್ರೆ ನೀವೇ! ಯಾರ ಹತ್ರನೂ ಹೇಳದ್ದನ್ನ ನಿಮಗೆ ಹೇಳಿದ್ದೆ ನಾನು... ನಿಮಗೆ ನಾನು ಮನುಷ್ಯಳಾಗಿ ಕಾಣಿಸಿದ್ದೇ ಇಲ್ಲ ಅಲ್ವಾ? ನಿಮ್ಮ ಲ್ಯಾಬಿನ ಇನ್ನೊಂದು ಪ್ರಯೋಗ! ಭಾನುವಾರ ಬಂದು 'ಹೆಂಗಿತ್ರಿ' ಅಂತ ಫಲಿತಾಂಶ ಕೇಳ್ಕೊಂಡು ಹೋಗೋದು!"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. "ತಪ್ಪಾತ್ರಿ" ಎಂದಷ್ಟೇ ಹೇಳಿದ.

ಅವನು ವಾದ ಮಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ತಪ್ಪಾಯಿತೆಂದು ಹೋದವನ ಬೆನ್ನು ನೋಡುತ್ತ ಅವಳು ಕಲ್ಲುಬೆಂಚಿನ ಮೇಲೆ ಕುಸಿದಳು.

ಆ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಸೂರತ್ತಿನ ಘಟಕಕ್ಕೆ ತಾನೇ ಕೇಳಿಕೊಂಡು ವರ್ಗ ಮಾಡಿಸಿಕೊಂಡನೆಂದು ಸಂಘದವರಿಂದ ತಿಳಿಯಿತು.

* * *

ಚಿನ್ಮಯಿ ಊಟ ಬಿಟ್ಟಳು. ಮಾತು ಬಿಟ್ಟಳು. ಆಟೋದಲ್ಲಿ ಹೋಗುವಾಗ ಮತ್ತೆ ಕಣ್ಣು ರಸ್ತೆಗೇ ಅಂಟಿತು.

ಒಂದು ಮಧ್ಯಾಹ್ನ ತಂದೆ ಅವಳ ಹತ್ತಿರ ಬಂದು ಕುಳಿತರು.

"ಚಿನ್ನು, ವಡೋದರಾದವರಿಗೆ ಹೇಳಿದ್ದು ಹಾಲಪ್ಪ ಅಲ್ಲ. ನಾನು."

"ಅಪ್ಪಾ?!"

"ಹೋಗೋ ಹಿಂದಿನ ದಿನ ಫೋನ್ ಮಾಡಿ ಹೇಳಿದೆ. ಮುಚ್ಚಿಟ್ಟು ಮದುವೆ ಮಾಡಿದ್ರೆ ನಾಳೆ ನೀನು ಆ ಮನೇಲಿ ನೋವಾಯ್ತು ಅಂತ ಬಾಯಿ ಬಿಟ್ಟು ಹೇಳೋ ಹಾಗೂ ಇರಲ್ಲ. ಅದು ನನಗೆ ಬೇಡವಾಗಿತ್ತು. ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ ಮಗಳೇ. ಆದ್ರೆ ರೈಲಲ್ಲಿ ನಿಮ್ಮಮ್ಮ ಆ ಹುಡುಗನ ಹೆಸರು ಹೇಳಿದಾಗ ಸುಮ್ಮನೆ ಕೂತ್ನಲ್ಲ... ಅದು ನಾಚಿಕೆಗೇಡು."

ಚಿನ್ಮಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅಯ್ಯೋ... ಏನೆಲ್ಲ ಅಂದುಬಿಟ್ಟೆ ಆ ಮನುಷ್ಯನಿಗೆ!

"ಅಪ್ಪಾ, ನಾನು ಸೂರತ್‌ಗೆ ಹೋಗ್ತೀನಿ."

"ಒಬ್ಳೇನಾ?"

"ಒಬ್ಳೇ."

ಒಳಗಿನಿಂದ ಗೌರಮ್ಮ ಬಂದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮಗಳ ತಲೆ ಸವರಿ, ಕಣ್ಣು ತಪ್ಪಿಸಿ ಹೇಳಿದರು. "ಖಾಲಿ ಕೈಲಿ ಹೋಗಬೇಡ. ಚಕ್ಕುಲಿ ಮಾಡಿಕೊಡ್ತೀನಿ."

* * *

ಸೂರತ್ತಿನ ಬಣ್ಣದ ಫ್ಯಾಕ್ಟರಿಯ ಗೇಟಿನಲ್ಲಿ ಅವಳು ಕಾದು ನಿಂತಾಗ ಶನಿವಾರದ ಬೆಳಗಿನ ಪಾಳಿ ಬಿಡುತ್ತಿತ್ತು. ಎದುರಿನ ಬಯಲಿನಲ್ಲಿ ಒಣಗಲು ಹಾಕಿದ ಸೀರೆ ಬಟ್ಟೆಗಳು, ಗುಲಾಬಿ, ಹಸಿರು, ನೇರಳೆ, ಗಾಳಿಗೆ ಹಾರಾಡುತ್ತಿದ್ದವು. ಆ ಬಣ್ಣಗಳ ನಡುವಿನಿಂದ ಹಾಲಪ್ಪ ಬಂದ. ಅವಳನ್ನು ಕಂಡು ನಿಂತಲ್ಲೇ ನಿಂತ.

"ನೀವು... ಇಲ್ಲಿ? ಹೆಂಗ ಬಂದ್ರಿ? ರೈಲಿನ್ಯಾಗ ಬೆನ್ನು..."

ಮೊದಲು ಕೇಳಿದ್ದೂ ಅದನ್ನೇ! ಚಿನ್ಮಯಿಯ ಕಣ್ಣು ತುಂಬಿತು.

"ಕ್ಷಮಿಸಿ ಹಾಲಪ್ಪ ಅವರೇ. ಹೇಳಿದ್ದು ನೀವಲ್ಲ, ನಮ್ಮಪ್ಪ. ನಾನು ಕೇಳದೆ, ತಿಳಿಯದೆ... ಬಾಯಿಗೆ ಬಂದದ್ದು ಅಂದುಬಿಟ್ಟೆ."

ಅವನು ತಲೆ ಅಲ್ಲಾಡಿಸಿದ. "ವಡೋದರಾದವರಿಗೆ ಹೇಳಿಲ್ಲ, ಖರೇ. ಆದ್ರ ಉಳಿದ ನಾಲ್ಕು ಮಂದಿಗೆ ಹೇಳಿದ್ನಲ್ರಿ. ನಿಮ್ಮ ನೋವು ನಿಮ್ಮದು. ನಿಮ್ಮನ್ನ ಕೇಳದ ಅದನ್ನ ಅಂಗಡಿ ಅಂಗಡಿಗೆ ಒಯ್ದೆ. ಅದು ತಪ್ಪ. ನೀವು ಅಂದದ್ದರಾಗ ಅರ್ಧ ಸರಿ ಇತ್ತು."

"ಇನ್ನರ್ಧ?"

ಅವನು ಕೆಂಪು ಬಣ್ಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನನ್ನನ್ನ ಭರೂಚ್‌ವರೆಗೆ ಬಿಡ್ತೀರಾ?" ಅವಳೇ ಕೇಳಿದಳು. "ಅಲ್ಲಿಂದ ರೈಲು ಹಿಡೀತೀನಿ."

"ಭರೂಚ? ಎಪ್ಪತ್ತು ಕಿಲೋಮೀಟರ್ ಆಗತೈತ್ರಿ! ಹೈವೇ, ಲಾರಿ... ಬ್ಯಾಡ."

"ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ? ನನಗಿದೆ."

ಬೈಕು ಹೊರಟಿತು. ಲಾರಿಗಳು ಭೋರೆಂದು ಹಾದುಹೋದವು. ಕಬ್ಬಿನ ಹೊಲ, ಸಾಲು ಚಿಮಣಿ, ಮತ್ತೆ ಹೊಲ... ಅಂಕಲೇಶ್ವರ ದಾಟಿ ಹಳೆಯ ಕಬ್ಬಿಣದ ಸೇತುವೆಗೆ ಬಂದಾಗ ಬಿಸಿಲು ಓರೆಯಾಗಿತ್ತು.

ಕೆಳಗೆ ನರ್ಮದೆ!

ಚಿನ್ಮಯಿ ಕತ್ತು ಚಾಚಿ ನೋಡಿದಳು. ನದಿ ಎಂದರೆ ಇಷ್ಟು ಅಗಲವೇ? ಈ ದಡದಿಂದ ಆ ದಡಕ್ಕೆ ಕಣ್ಣು ಹೋಗಿ ಮುಟ್ಟಲು ಹೊತ್ತು ಬೇಕು! ನೀರಿನ ಮೇಲೆಲ್ಲ ಹೊನ್ನಿನ ಪುಡಿ ಚೆಲ್ಲಿದ ಹಾಗೆ ಬಿಸಿಲು. ಪಕ್ಕದ ರೈಲು ಸೇತುವೆಯ ಮೇಲೆ ಗಾಡಿಯೊಂದು ಗುಡುಗುತ್ತ ಹೋಯಿತು, ಕಿಟಕಿಯಿಂದ ಯಾರೋ ನದಿಗೆ ನಾಣ್ಯ ಎಸೆದು ಕೈಮುಗಿದರು. ಕಬ್ಬಿಣದ ಕಮಾನುಗಳ ನೆರಳು ಒಂದೊಂದಾಗಿ ಅವಳ ಮೇಲೆ ಹಾದುಹೋಗುತ್ತಿತ್ತು.

ಅವಳಿಗೇ ತಿಳಿಯದಂತೆ ಅವಳ ಹಣೆ ಅವನ ಬೆನ್ನಿಗೆ ಒರಗಿತು.

ಸೇತುವೆ ಇಳಿದು, ದಂಡೆಯ ಒಂದು ಖಾಲಿ ಮಣ್ಣುರಸ್ತೆಯಲ್ಲಿ ಹಾಲಪ್ಪ ಗಾಡಿ ನಿಲ್ಲಿಸಿದ.

"ಬೆನ್ನು ಹೆಂಗೈತ್ರಿ?"

ಚಿನ್ಮಯಿ ಬೆರಗಾಗಿ ನಿಂತಳು. ಸೂರತ್ತಿನಿಂದ ಇಲ್ಲಿಯವರೆಗೆ... ಬೆನ್ನೊಂದಿದೆ ಎಂಬುದೇ ಅವಳಿಗೆ ನೆನಪಿರಲಿಲ್ಲ!

"ಮರೆತೇಹೋಗಿತ್ತು" ಎಂದಳು ಪಿಸುಮಾತಿನಲ್ಲಿ. "ಹಾಲಪ್ಪ... ನಾನು ಬೆನ್ನನ್ನೇ ಮರೆತಿದ್ದೆ!"

ಅವನ ಕಣ್ಣಿಂದ ನೀರು ಉದುರಿತು. ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕೆಂಪು ಬಣ್ಣ ಬಳಿದುಕೊಂಡ.

"ಇನ್ನರ್ಧ ಕೇಳಿದ್ರಲ್ಲ... ಹೇಳ್ತೀನ್ರಿ. ನಾ ಪ್ರಯೋಗ ಮಾಡಿದ್ದು ಗಾಡಿ ಮ್ಯಾಲ. ನಿಮ್ಮ ಮ್ಯಾಲ ಜೀವ ಇಟ್ಟಿದ್ದೆ. ಬಸ್ ಸ್ಟಾಪಿನ್ಯಾಗ ನಿಂತು 'ಭೂಮಿ ಹೋತು' ಅಂದ್ರಲ್ಲ, ಅವತ್ತ ನಿರ್ಧಾರ ಮಾಡಿದ್ದೆ. ಇವರ ಕಾಲ ಕೆಳಗಿನ ಭೂಮಿ ನಾ ಗಟ್ಟಿ ಮಾಡಾಕ ಆಗಂಗಿಲ್ಲ, ಹೋಗೂ ಹಾದಿನಾದ್ರೂ ಮೆತ್ತಗ ಮಾಡ್ತೀನಿ ಅಂತ. ಆದ್ರ ನನ್ನ ಕೈಯಾಗ ಏನೈತ್ರಿ? ಗುಜರಿ ಸಾಮಾನು... ಬಣ್ಣ ಮೆತ್ತಿದ ಕೈ..."

"ಕೈ ಕೊಡಿ ಇಲ್ಲಿ."

ಅವನು ಹಿಂಜರಿದ. ಅವಳೇ ಎಳೆದು ತನ್ನ ಎರಡೂ ಅಂಗೈಯಲ್ಲಿ ಇಟ್ಟುಕೊಂಡಳು.

"ಒಂದು ಕೇಳ್ಲಾ? ಈ ಹಿಂದಿನ ಸೀಟಲ್ಲಿ ನೀವು ಯಾವತ್ತಾದ್ರೂ ಕೂತಿದ್ದೀರಾ?"

"ಇಲ್ರಿ... ಓಡಿಸಾಂವ ನಾನ ಅಲ್ಲೇನ್ರಿ?"

"ಹತ್ತಿ ಹಾಗಾದ್ರೆ. ಭೂಕಂಪಕ್ಕೆ ಮೊದಲು ಅಪ್ಪನ ಗೇರ್ ಸ್ಕೂಟರ್ ಓಡಿಸ್ತಿದ್ದೆ ನಾನು. ಇಲ್ಲೇ, ಈ ರಸ್ತೆ ತುದಿವರೆಗೆ."

"ಏ, ಬ್ಯಾಡ್ರಿ! ಬಿದ್ದುಗಿದ್ದೀರಿ!"

"ಹತ್ತೀಂದ್ರೆ ಹತ್ತಿ!"

ಗಾಡಿ ಒಮ್ಮೆ ಜರ್ಕು ಹೊಡೆದು ನಿಂತಿತು. ಮತ್ತೆ ಹೊರಟಿತು. ನಿಧಾನವಾಗಿ, ನರ್ಮದೆಯ ಪಕ್ಕ ಪಕ್ಕದಲ್ಲೇ ಸಾಗಿತು. ರಸ್ತೆಯ ತುಂಬ ಹಳ್ಳ ದಿಣ್ಣೆ. ಹಿಂದೆ ಕುಳಿತ ಹಾಲಪ್ಪ ಒಂದೂ ಮಾತಾಡಲಿಲ್ಲ.

"ಯಾಕೆ ಸುಮ್ನಿದ್ದೀರಾ?" ಚಿನ್ಮಯಿ ಕೇಳಿದಳು.

"ಇಷ್ಟು ಮೆತ್ತಗ ಐತಿ ಅಂತ..." ಅವನು ಕೈಯಿಂದ ಸೀಟು ಸವರಿದ. "ನನಗ ಗೊತ್ತ ಇರಲಿಲ್ಲ ಚಿನ್ಮಯಿ."

ಮೊದಲ ಸಲ ಅವಳ ಹೆಸರಿನ ಹಿಂದೆ 'ಅವರ' ಬರಲಿಲ್ಲ. ಅವಳು ಮುಂದೆ ನೋಡುತ್ತಲೇ ನಕ್ಕಳು.

"ಗಟ್ಟಿಯಾಗಿ ಹಿಡ್ಕೋ. ಮುಂದೆ ದೊಡ್ಡ ಗುಂಡಿ ಇದೆ."

"ಇರ್ಲಿ ಬಿಡು" ಎಂದ ಹಾಲಪ್ಪ.